ಹೊಸ್ತಿಲ ಮೇಲೆ ನಿಂತ ಮನಸ್ಸು

ದೇವದುರ್ಗದ ಬಸ್ ನಿಲ್ದಾಣ. ಬಿಸಿಲು ಏರುವ ಮುನ್ನವೇ ರಾಯಚೂರಿಗೆ ಹೊರಡುವ ಬಸ್ಸಿನ ಕಿಟಕಿಯ ಬಳಿ ಐವತ್ತು ದಾಟಿದ ಒಬ್ಬ ಹೆಂಗಸು ಕುಳಿತಿದ್ದಾಳೆಂದು ವಾಚಕರು ಊಹಿಸಿಕೊಳ್ಳಬೇಕು. ಆಕೆಗೆ ಹೆಸರು ಬೇಡ. ಅಂಥವರು ಆ ಸೀಮೆಯ ಊರೂರಿನಲ್ಲಿಯೂ ಇದ್ದಾರೆ. ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಹಳೆಯ ಔಷಧದ ಚೀಟಿಗಳು, ಮಡಚಿಟ್ಟ ಎಕ್ಸ್‌ರೇ, ಅರ್ಧ ಮುಗಿದ ಟಾನಿಕ್ಕಿನ ಬಾಟಲಿ. “ತಲಿ ಭಾರ ಆಗ್ತದರಿ, ಎದಿ ಧಸಕ್ ಅಂತದ, ರಾತ್ರಿ ನಿದ್ದಿ ಬರವಲ್ದು” — ಇಷ್ಟೇ ಆಕೆಯ ದೂರು. ಎಂಟು ತಿಂಗಳಿಂದ ಇದೇ ಮಾತನ್ನು ಮೂವರು ವೈದ್ಯರ ಮುಂದೆ ಹೇಳಿದ್ದಾಳೆ. ಮೂವರೂ ಪರೀಕ್ಷಿಸಿ “ನಿನಗೆ ಏನೂ ಇಲ್ಲವಮ್ಮ” ಎಂದು ಕಳುಹಿಸಿದ್ದಾರೆ. ಹಾಗೆಂದಾಗಲೆಲ್ಲ ಆಕೆಯ ಅಂಜಿಕೆ ಇನ್ನಷ್ಟು ಹೆಚ್ಚಿದೆ. ಏನೂ ಇಲ್ಲದಿದ್ದರೆ ಈ ನೋವು ಎಲ್ಲಿಂದ ಬಂದಿತು?

ಎಂಟು ತಿಂಗಳ ಹಿಂದೆ ಏನಾಯಿತು ಎಂಬ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಕೇಳಿದ್ದರೆ ತಿಳಿಯುತ್ತಿತ್ತು. ಶ್ರಾವಣದಲ್ಲಿ ಗಂಡ ತೀರಿಕೊಂಡ. ದೀಪಾವಳಿ ಕಳೆದ ಮೇಲೆ ಮಗ, ಸೊಸೆ ಇಬ್ಬರೂ ಕಟ್ಟಡದ ಕೆಲಸಕ್ಕಾಗಿ ಬೆಂಗಳೂರಿಗೆ ಗುಳೆ ಹೋದರು. ಶಾಲೆಗೆ ಹೋಗುವ ಎರಡು ಮೊಮ್ಮಕ್ಕಳು ಆಕೆಯ ಪಾಲಿಗೆ ಉಳಿದವು. ಅರ್ಧ ವರ್ಷದೊಳಗೆ ಮುತ್ತೈದೆಯಾಗಿದ್ದವಳು ವಿಧವೆಯಾದಳು. ಮನೆಯ ಹಣಕಾಸನ್ನು ಕೈಯಲ್ಲಿಟ್ಟುಕೊಂಡಿದ್ದವಳು ಮಗ ಕಳುಹಿಸುವ ಹಣದ ದಾರಿ ಕಾಯುವವಳಾದಳು. ಮಕ್ಕಳನ್ನು ಸಾಕಿ ಮುಗಿಯಿತೆಂದು ನಿಟ್ಟುಸಿರು ಬಿಟ್ಟವಳು ಮತ್ತೆ ಎಳೆಯ ಮಕ್ಕಳ ತಾಯಿಯಾದಳು. ಬಾಳಿನ ಮೂರು ಹೊಸ್ತಿಲುಗಳನ್ನು ಒಂದೇ ಉಸಿರಿನಲ್ಲಿ ದಾಟಬೇಕಾಗಿ ಬಂದಾಗ ತಲೆ ಭಾರವಾದುದರಲ್ಲಿ ಆಶ್ಚರ್ಯವೇನಿದೆ?

ಇಂಥವರ ಮುಂದೆ ಕುಳಿತು, ಅವರ ತಲೆನೋವನ್ನು ಮಾತ್ರ ನೋಡದೆ ತಲೆನೋವನ್ನು ಹೊತ್ತು ಬಂದ ಇಡಿಯ ಮನುಷ್ಯನನ್ನು ನೋಡುವ ವಿದ್ಯೆಯೊಂದು ಉಂಟು. ಅದಕ್ಕೆ ಆಪ್ತ ಸಮಾಲೋಚನೆ ಎಂದು ಹೆಸರು.

ಸುಖಕ್ಕೂ ತೂಕವುಂಟು

ದುಃಖದಿಂದ ಮನಸ್ಸು ಕುಗ್ಗುವುದು ಎಲ್ಲರಿಗೂ ತಿಳಿದ ಮಾತು. ಆದರೆ ಸುಖದ ಬದಲಾವಣೆಯೂ ಮನುಷ್ಯನನ್ನು ದಣಿಸುತ್ತದೆ. ಅಮೆರಿಕದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಇಬ್ಬರು ಮನೋವೈದ್ಯರು 1967ರಲ್ಲಿ ಬಾಳಿನ 43 ಘಟನೆಗಳನ್ನು ಪಟ್ಟಿ ಮಾಡಿ, ಒಂದೊಂದಕ್ಕೂ ಒಗ್ಗಿಕೊಳ್ಳಲು ಎಷ್ಟು ಶ್ರಮ ಬೇಕೆಂಬುದಕ್ಕೆ ಅಂಕಗಳನ್ನು ಕೊಟ್ಟರು. ಗಂಡ ಅಥವಾ ಹೆಂಡತಿಯ ಮರಣಕ್ಕೆ 100. ಅದು ನಿರೀಕ್ಷಿತವೇ ಸರಿ. ಆದರೆ ಮದುವೆಗೆ 50, ಕೆಲಸದಿಂದ ನಿವೃತ್ತಿಯಾಗುವುದಕ್ಕೆ 45! ಓಲಗ ಊದಿಸಿ, ಹಾರ ಹಾಕಿ ಸಂಭ್ರಮಿಸುವ ದಿನಗಳೂ ಮನಸ್ಸಿನ ತಕ್ಕಡಿಯಲ್ಲಿ ಭಾರವಾಗಿಯೇ ತೂಗಿದವು.

ಆ ಪಟ್ಟಿ ಅಮೆರಿಕದ ಬದುಕಿಗೆ ಹೊಂದುವಂಥದು. ನಮ್ಮ ದೇಶದಲ್ಲಿ ಗುರ್ಮೀತ್ ಸಿಂಗ್ ಮತ್ತು ಅವರ ಸಹೋದ್ಯೋಗಿಗಳು 1984ರಲ್ಲಿ 51 ಘಟನೆಗಳ ಇನ್ನೊಂದು ಪಟ್ಟಿಯನ್ನು ಸಿದ್ಧಪಡಿಸಿದರು. ಅಮೆರಿಕದ ಪಟ್ಟಿಯಲ್ಲಿಲ್ಲದ ಸಂಗತಿಗಳು ಇದರಲ್ಲಿ ಬಂದವು: ಮಗಳ ಅಥವಾ ತಂಗಿಯ ಮದುವೆ, ವರದಕ್ಷಿಣೆಯ ಜಗಳ, ಬೆಳೆಹಾನಿ. ಮಾನ್ವಿಯ ರೈತನೊಬ್ಬ ಈ ಪಟ್ಟಿಯನ್ನು ಓದಿದರೆ ತನ್ನ ಮನೆಯ ಕಥೆಯನ್ನೇ ಯಾರೋ ಬರೆದಿಟ್ಟಂತೆ ಕಂಡೀತು.

ಅಂಕಗಳು ಸರಾಸರಿಯ ಲೆಕ್ಕವೆಂಬುದನ್ನು ಮರೆಯಬಾರದು. ಒಂದೇ ತಿರುವಿನಲ್ಲಿ ಒಬ್ಬನು ಎಡವುತ್ತಾನೆ, ಇನ್ನೊಬ್ಬನು ಅಲ್ಲಿಯೇ ಬಲಗೊಳ್ಳುತ್ತಾನೆ. ಆ ಅಂತರ ಎಲ್ಲಿಂದ ಬರುತ್ತದೆ ಎಂಬುದನ್ನು ಹುಡುಕುವುದೇ ಸಮಾಲೋಚಕರ ಕೆಲಸ.

ಒಂದು ಜಿಲ್ಲೆ, ಹಲವು ಹೊಸ್ತಿಲು

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವೆ ರಾಯಚೂರಿನ ನೆಲ. ಎರಡು ಹೊಳೆಗಳಿದ್ದೂ ಮಳೆಯ ಮೋಡವನ್ನು ನೋಡುತ್ತ ಕುಳಿತುಕೊಳ್ಳುವ ಊರುಗಳಿಗೆ ಇಲ್ಲಿ ಕೊರತೆಯಿಲ್ಲ. ದೇವದುರ್ಗ ತಾಲ್ಲೂಕಿನ ಒಂದು ಭಾಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದಿದೆ. ಉಳಿದೆಡೆ ಮಳೆ ಕೈಕೊಟ್ಟರೆ ಗಂಟುಮೂಟೆ ಕಟ್ಟುವುದೇ ದಾರಿ. ಬೆಂಗಳೂರು, ಪುಣೆ, ಮುಂಬಯಿಗಳ ಕಟ್ಟಡಗಳಿಗೆ ಕಲ್ಲು ಹೊತ್ತವರಲ್ಲಿ ಈ ಸೀಮೆಯವರು ಅನೇಕರು. ಹೋದವನಿಗೆ ತಗಡಿನ ಗುಡಿಸಲು, ಪರಭಾಷೆಯ ಮೇಸ್ತ್ರಿ. ಉಳಿದವರಿಗೆ ಮುದಿವಯಸ್ಸು ಮತ್ತು ಎಳೆಯ ಮಕ್ಕಳು. ಒಂದೇ ಗುಳೆ ಮೂರು ತಲೆಮಾರುಗಳನ್ನು ಮೂರು ಬಗೆಯಾಗಿ ಕದಲಿಸುತ್ತದೆ.

ಮಾನ್ವಿಯ ಚಿಂತೆ ಬೇರೆ. ಅಲ್ಲಿಗೆ ತುಂಗಭದ್ರಾ ಎಡದಂಡೆ ಕಾಲುವೆ ನೀರುಣಿಸುತ್ತದೆ, ಭತ್ತ ಬೆಳೆಯುತ್ತದೆ. ಆದರೆ ಕಾಲುವೆಯ ಕೊನೆಭಾಗದ ರೈತನಿಗೆ ನೀರು ಮುಟ್ಟುವುದೆಂಬ ಭರವಸೆ ಪ್ರತಿ ವರ್ಷವೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್ ಗೇಟು ಕೊಚ್ಚಿಹೋದಾಗ, ನದಿಗೆ ಹರಿದುಹೋಗುತ್ತಿದ್ದ ನೀರಿನೊಡನೆ ಕಾಲುವೆಯನ್ನು ನಂಬಿದ್ದ ಸಾವಿರಾರು ಮನೆಗಳ ನಿದ್ರೆಯೂ ಹರಿದುಹೋಯಿತು. ಕೆಲವು ದಿನಗಳಲ್ಲಿಯೇ ತಾತ್ಕಾಲಿಕ ತಡೆ ಹಾಕಿ ನೀರನ್ನು ನಿಲ್ಲಿಸಿದರು. ಎದೆಯಲ್ಲಿ ಹೊಕ್ಕ ಭಯ ಅಷ್ಟು ಬೇಗ ನಿಲ್ಲುವುದಿಲ್ಲ.

ರಾಯಚೂರು ನಗರದ ಹೊಸ್ತಿಲುಗಳು ಇನ್ನೊಂದು ತೆರ. ಹಳ್ಳಿಯ ಕನ್ನಡ ಶಾಲೆಯಿಂದ ಬಂದು, ಹಾಸ್ಟೆಲಿನ ಕೊಠಡಿಯಲ್ಲಿ ಇಂಗ್ಲಿಷ್ ಪುಸ್ತಕ ಬಿಚ್ಚಿ ಬೆವರುವ ವಿದ್ಯಾರ್ಥಿ. ಮದುವೆಯಾಗಿ ಬಂದು, ಗೋಡೆಗೆ ಗೋಡೆ ಹತ್ತಿದ ಮನೆಗಳ ನಡುವೆಯೂ ಒಂಟಿಯಾದ ಹುಡುಗಿ. ಶಕ್ತಿನಗರದಲ್ಲಿ 1985ರಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಆರಂಭವಾದಾಗ ಕೆಲಸಕ್ಕೆ ಸೇರಿ, ಈಗ ನಿವೃತ್ತನಾಗಿ, ಪಾಳಿಯ ಸೈರನ್ ಇಲ್ಲದೆ ಬೆಳಗನ್ನು ಹೇಗೆ ಆರಂಭಿಸಬೇಕೆಂದು ತಿಳಿಯದ ಹಿರಿಯ.

ಹಿಂದಿನವರು ಕಟ್ಟಿದ ಸೇತುವೆ

ಬಾಳಿನ ತಿರುವು ಅಪಾಯದ ಜಾಗವೆಂಬುದು ಹಿಂದಿನವರಿಗೆ ಗೊತ್ತಿತ್ತು. ಅದಕ್ಕಾಗಿಯೇ ಅವರು ಹೊಸ್ತಿಲಿಗೆ ಕುಂಕುಮ ಇಟ್ಟರು. ಬಸುರಿಗೆ ಕುಬುಸ, ಬಾಣಂತಿಗೆ ತವರು, ಮದುಮಗಳೊಡನೆ ನಾಲ್ಕು ದಿನ ಇದ್ದು ಬರಲು ಒಬ್ಬ ಹಿರಿಯಳು, ಸಾವಿನ ಮನೆಗೆ ನೆರೆಮನೆಯಿಂದ ಬುತ್ತಿ — ಇವೆಲ್ಲ ನಂಬಿಕೆಯ ವಿಷಯಗಳಾಗಿದ್ದಂತೆಯೇ ಆಸರೆಯ ವಿಷಯಗಳೂ ಆಗಿದ್ದವು. ಆರ್ನಾಲ್ಡ್ ವಾನ್ ಗೆನೆಪ್ ಎಂಬ ವಿದ್ವಾಂಸನು 1909ರಲ್ಲಿಯೇ ಲೋಕದ ನಾನಾ ಜನಾಂಗಗಳ ಇಂಥ ಆಚರಣೆಗಳನ್ನು ಹೋಲಿಸಿ, ಎಲ್ಲದರಲ್ಲಿಯೂ ಮೂರು ಹಂತಗಳಿವೆಯೆಂದು ತೋರಿಸಿದನು: ಹಳೆಯದನ್ನು ಬಿಡುವುದು, ನಡುವೆ ನಿಲ್ಲುವುದು, ಹೊಸದನ್ನು ಸೇರುವುದು. ಕಷ್ಟವೆಲ್ಲ ಆ ನಡುವಿನದು. ಅಲ್ಲಿ ಮನುಷ್ಯನು ಹಿಂದಿನವನೂ ಅಲ್ಲ, ಮುಂದಿನವನೂ ಆಗಿಲ್ಲ.

ಆದರೆ ಗುಳೆ ಹೊರಟವನಿಗೆ ಯಾವ ಶಾಸ್ತ್ರವಿದೆ? ಪರೀಕ್ಷೆಯಲ್ಲಿ ಸೋತು ಹಾಸ್ಟೆಲಿನಿಂದ ಮರಳುವ ಹುಡುಗನನ್ನು ಯಾರು ಆರತಿ ಎತ್ತಿ ಕರೆದುಕೊಳ್ಳುತ್ತಾರೆ? ನಿವೃತ್ತನಿಗೆ ಶಾಲು, ಹಾರ ಸಿಗುವುದುಂಟು. ಮರುದಿನ ಬೆಳಗಿಗೆ ಏನೂ ಸಿಗುವುದಿಲ್ಲ. ಹಳೆಯ ಆಚರಣೆಗಳೆಲ್ಲವೂ ದಯೆಯಿಂದ ಕೂಡಿದ್ದವೆಂದೂ ಹೇಳಲಾಗದು. ವಿಧವೆಯನ್ನು ಮೂಲೆಗೆ ಕೂರಿಸಿದ ಪದ್ಧತಿ ಆಕೆಗೆ ಆಸರೆಯಾಗಲಿಲ್ಲ, ಇನ್ನೊಂದು ಪೆಟ್ಟಾಯಿತು. ಸೇತುವೆ ಇಲ್ಲದ ಇಂಥ ಕಡೆಗಳಲ್ಲಿಯೇ ತಿಳಿದ ಸಮಾಲೋಚಕರ ಅಗತ್ಯ ಬೀಳುವುದು.

ಇಡಿಯ ಮನುಷ್ಯನನ್ನು ನೋಡುವ ಬಗೆ

ಈ ವಿದ್ಯೆಯ ಬೇರು ಕಾರ್ಲ್ ರೋಜರ್ಸ್ ಎಂಬ ಅಮೆರಿಕನ್ ಮನಶ್ಶಾಸ್ತ್ರಜ್ಞನಲ್ಲಿದೆ. 1942ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತನು ನೆರವು ಬೇಡಿ ಬಂದವರನ್ನು ‘ರೋಗಿ’ ಎನ್ನುವುದನ್ನೇ ಬಿಟ್ಟನು. ಬಂದವನಲ್ಲಿಯೇ ದಾರಿ ಕಂಡುಕೊಳ್ಳುವ ಶಕ್ತಿಯಿದೆ; ತೀರ್ಪು ಕೊಡದೆ, ಮನಸ್ಸಿಟ್ಟು ಕೇಳುವವನೊಬ್ಬನು ದೊರೆತರೆ ಆ ಶಕ್ತಿ ಎಚ್ಚರಗೊಳ್ಳುತ್ತದೆ ಎಂಬುದು ಆತನ ನಂಬಿಕೆ. 1977ರಲ್ಲಿ ಜಾರ್ಜ್ ಎಂಗೆಲ್ ಎಂಬ ವೈದ್ಯನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ದೇಹ, ಮನಸ್ಸು, ಸಮಾಜ ಈ ಮೂರನ್ನೂ ಕೂಡಿಸಿ ನೋಡದ ಚಿಕಿತ್ಸೆ ಅಪೂರ್ಣವೆಂದು ವಾದಿಸಿದನು. 1981ರಲ್ಲಿ ನ್ಯಾನ್ಸಿ ಶ್ಲಾಸ್‌ಬರ್ಗ್ ಎಂಬ ವಿದುಷಿ ಬಾಳಿನ ತಿರುವುಗಳನ್ನೇ ವಿಷಯವಾಗಿಸಿಕೊಂಡು ಒಂದು ಸಿದ್ಧಾಂತವನ್ನು ರೂಪಿಸಿದಳು. ಆಕೆಯ ವಿಚಾರವನ್ನು ಸರಳವಾಗಿ ಹೇಳುವುದಾದರೆ, ನಾಲ್ಕು ವಿಷಯಗಳನ್ನು ವಿಚಾರಿಸಬೇಕು: ಬಂದ ಸನ್ನಿವೇಶ ಎಂಥದು? ಮನುಷ್ಯನು ಎಂಥವನು? ಅವನ ಬೆನ್ನಿಗೆ ಯಾರಿದ್ದಾರೆ? ಇದುವರೆಗೆ ಅವನು ಏನೇನು ಉಪಾಯ ಮಾಡಿದ್ದಾನೆ?

ದೇವದುರ್ಗದ ಆ ಹೆಂಗಸು ಹೀಗೆ ಕಲಿತ ಸಮಾಲೋಚಕಿಯೊಬ್ಬಳ ಮುಂದೆ ಕುಳಿತಳೆಂದು ಭಾವಿಸಿದರೆ ನಡೆಯುವುದು ಇಷ್ಟು. ಮೊದಲ ದಿನ ಸಮಾಲೋಚಕಿ ಕೇಳುವುದೇ ಹೆಚ್ಚು. “ಅಕ್ಕಾ, ಇದು ಯಾವಾಗಿಂದ?” ಎಂಬ ಪ್ರಶ್ನೆಗೆ ಉತ್ತರ ಅಳುವಿನಲ್ಲಿ ಬರಬಹುದು. ಅಳುವನ್ನು ಆಕೆ ತಡೆಯುವುದಿಲ್ಲ. “ಧೈರ್ಯ ತಗೊಳ್ಳಿ” ಎಂದು ಅವಸರದ ಸಮಾಧಾನ ಹೇಳುವುದೂ ಇಲ್ಲ. ಬಳಿಕ ದೇಹದ ವಿಚಾರಣೆ: ಊಟ ಎಷ್ಟು, ನಿದ್ರೆ ಎಷ್ಟು, ರಕ್ತದೊತ್ತಡವನ್ನು ನೋಡಿದ್ದಾರೆಯೆ? ರಕ್ತಹೀನತೆಯೂ ಥೈರಾಯಿಡ್ ಗ್ರಂಥಿಯ ದೋಷವೂ ದಣಿವನ್ನು, ಮನಸ್ಸಿನ ಕುಗ್ಗನ್ನು ತರಬಲ್ಲವಾದುದರಿಂದ ರಕ್ತಪರೀಕ್ಷೆಗೆ ವೈದ್ಯರ ಬಳಿಗೆ ಕಳುಹಿಸುತ್ತಾಳೆ. ಮನಸ್ಸನ್ನು ನೋಡುವವಳು ದೇಹವನ್ನು ಮರೆತರೆ, ದೇಹವನ್ನು ನೋಡಿ ಮನಸ್ಸನ್ನು ಮರೆತ ಆ ಮೂವರಿಗಿಂತ ಆಕೆ ಮೇಲಾಗುವುದು ಹೇಗೆ?

ಎರಡನೆಯ ಸಲ ನಂಟಿನ ಲೆಕ್ಕ. ಮನೆಯಲ್ಲಿ ಯಾರು, ತವರಿನಲ್ಲಿ ಯಾರು, ಬಾಗಿಲು ತಟ್ಟಿದರೆ ತೆರೆಯುವ ನೆರೆಯವರು ಯಾರು? ಸ್ವಸಹಾಯ ಸಂಘದ ವಾರದ ಸಭೆಗೆ ಹೋಗುತ್ತಿದ್ದವಳು ಗಂಡ ತೀರಿದ ಮೇಲೆ ನಿಲ್ಲಿಸಿದ್ದಾಳೆ. ಸಂಜೆಯ ಭಜನೆಗೂ ಹೋಗುತ್ತಿಲ್ಲ. ಯಾರೂ ಬರಬೇಡವೆಂದಿಲ್ಲ, ಯಾರೂ ಬಾ ಎಂದೂ ಕರೆದಿಲ್ಲ. ಆಮೇಲೆ ಹಣದ ಮಾತು. ವಿಧವಾ ವೇತನಕ್ಕೆ ಅರ್ಜಿ ಹಾಕಿದೆಯೇ? ಪಡಿತರ ಚೀಟಿ ಯಾರ ಹೆಸರಿನಲ್ಲಿದೆ? ಇದೆಲ್ಲ ಮನಶ್ಶಾಸ್ತ್ರವೇ ಎಂದು ಕೆಲವರು ನಗಬಹುದು. ತಿಂಗಳ ಕೊನೆಗೆ ಅಕ್ಕಿ ಇರುವುದೋ ಇಲ್ಲವೋ ಎಂದು ತಿಳಿಯದವಳಿಗೆ ದೀರ್ಘಶ್ವಾಸದ ಅಭ್ಯಾಸವೊಂದನ್ನೇ ಕಲಿಸಿ ಕಳುಹಿಸುವುದು ನಿಜವಾಗಿ ನಗೆಗೆ ತಕ್ಕ ಮಾತು.

ಬಳ್ಳಾರಿಯಿಂದ ಮಂಗಳವಾರದವರೆಗೆ

ಇಂಥ ನೆರವು ದೊಡ್ಡ ಪಟ್ಟಣದವರಿಗೆ ಮಾತ್ರವೆಂಬ ಭಾವನೆ ಇತ್ತು. ಅದನ್ನು ಮುರಿದ ಪ್ರಯತ್ನಗಳಲ್ಲಿ ಕರ್ನಾಟಕದ ಪಾಲು ಹಿರಿದು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಅದೂ ಅಲ್ಲಿನ ಮಾನಸಿಕ ಆಸ್ಪತ್ರೆಯೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಕರಾವಳಿಯ ಕೋಟ ಗ್ರಾಮದಲ್ಲಿ ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರು ಸಾಮಾಜಿಕ ಬದಲಾವಣೆಗೂ ಮನಸ್ಸಿನ ಕ್ಲೇಶಕ್ಕೂ ಇರುವ ನಂಟನ್ನು ಅಭ್ಯಸಿಸಿ 1976ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಹಳ್ಳಿಯ ಬದುಕು ನಿಶ್ಚಿಂತೆಯದೆಂಬ ಪೇಟೆಯವರ ಭ್ರಮೆಗೆ ಅದೊಂದು ಉತ್ತರವಾಯಿತು.

ರಾಯಚೂರಿನವರಿಗೆ ಇನ್ನೂ ಹತ್ತಿರದ ಕಥೆ ಬಳ್ಳಾರಿಯದು. ತುಂಗಭದ್ರೆಯ ಆಚೆ ದಡದ ಆ ಜಿಲ್ಲೆಯಲ್ಲಿ 1985ರಿಂದ 1990ರವರೆಗೆ ನಿಮ್ಹಾನ್ಸ್ ಸಂಸ್ಥೆ ಒಂದು ಪ್ರಯೋಗವನ್ನು ನಡೆಸಿತು. ಸುಮಾರು 20 ಲಕ್ಷ ಜನರಿದ್ದ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆಯನ್ನು ಊರಿನ ಬಾಗಿಲಿಗೆ ತರಬಹುದೆಂದು ತೋರಿಸಿತು. 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾದಾಗ ಬಳ್ಳಾರಿಯ ಆ ಪ್ರಯೋಗವೇ ಅದಕ್ಕೆ ಮಾದರಿಯಾಯಿತು. ಜಿಲ್ಲಾ ತಂಡದಲ್ಲಿ ಮನೋವೈದ್ಯರ ಜೊತೆಗೆ ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ದಾದಿಯರು ಇರಬೇಕೆಂದು ಗೊತ್ತು ಮಾಡಿರುವುದರ ಅರ್ಥವೂ ಇದೇ. ಇಡಿಯ ಮನುಷ್ಯನನ್ನು ನೋಡಲು ಒಂದು ಜೊತೆ ಕಣ್ಣು ಸಾಲದು.

ಕರ್ನಾಟಕ ಸರಕಾರ 2014ರಲ್ಲಿ ‘ಮನೋಚೈತನ್ಯ’ವೆಂಬ ಹೆಸರಿನಲ್ಲಿ, ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೇ ಹೋಗಿ ನೋಡುವ ಕ್ರಮವನ್ನು ಆರಂಭಿಸಿತು. ದಿನದ ಕೂಲಿಯನ್ನೂ ಬಸ್ಸಿನ ದುಡ್ಡನ್ನೂ ಕಳೆದುಕೊಂಡು ಜಿಲ್ಲಾ ಕೇಂದ್ರಕ್ಕೆ ಬರಲಾರದವರಿಗೆ ಇದು ಸಣ್ಣ ಉಪಕಾರವಲ್ಲ. 2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಎಂಬ ರಾಷ್ಟ್ರೀಯ ಸೇವೆ ಆರಂಭವಾಯಿತು. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಕರೆಮಾಡಿ, ಕನ್ನಡದಲ್ಲಿಯೇ, ಹಣ ಕೊಡದೆ, ಸಲಹೆ ಪಡೆಯಬಹುದು. ಇನ್ನು ಕನ್ನಡದ ಓದುಗರಿಗೆ ಮನಸ್ಸಿನ ಕಾಯಿಲೆಗಳನ್ನು ಮನೆಮಾತಿನಲ್ಲಿ ತಿಳಿಸಿಕೊಟ್ಟವರಲ್ಲಿ ನಿಮ್ಹಾನ್ಸ್‌ನ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಹೆಸರು ಮೊದಲು ನೆನಪಾಗುತ್ತದೆ. ನೂರಕ್ಕೂ ಮಿಕ್ಕಿ ಪುಸ್ತಕಗಳನ್ನು ಬರೆದ ಅವರಿಗೆ 2024ರಲ್ಲಿ ಪದ್ಮಶ್ರೀ ದೊರೆಯಿತು.

ಮಾತಿಗೂ ಎಲ್ಲೆಯುಂಟು

ಸಮಾಲೋಚನೆಯಿಂದ ಎಲ್ಲವೂ ಸರಿಹೋಗುತ್ತದೆಂದು ತಿಳಿಯುವುದು ತಪ್ಪು. ಮಾನ್ವಿಯ ಕೊನೆಭಾಗದ ಹೊಲಕ್ಕೆ ಯಾವ ಸಮಾಲೋಚಕನೂ ನೀರು ತರಲಾರ, ಸಾಲವನ್ನು ತೀರಿಸಲಾರ. ಹೊಟ್ಟೆಯುರಿ ಎಂದು ಬಂದ ರೈತನಿಗೆ ಅವನು ಮಾಡಬಹುದಾದುದು ಇಷ್ಟೇ: ಯಾರಿಗೂ ಹೇಳದ ಸಾಲದ ಮೊತ್ತವನ್ನು ಒಮ್ಮೆ ಬಾಯಿಬಿಟ್ಟು ಹೇಳಿಸುವುದು, ಸಹಕಾರಿ ಸಂಘದ್ದೆಷ್ಟು, ಖಾಸಗಿಯವರದೆಷ್ಟು, ಈಗಲೇ ಕೊಡಬೇಕಾದುದೆಷ್ಟು ಎಂದು ಕಾಗದದ ಮೇಲೆ ಬರೆಸುವುದು, ಹೆಂಡತಿಯನ್ನೂ ಬೆಳೆದ ಮಗನನ್ನೂ ಆ ಲೆಕ್ಕಕ್ಕೆ ಜೊತೆಗೂಡಿಸುವುದು. ಸಾಲ ಅಷ್ಟೇ ಇರುತ್ತದೆ. ಆದರೆ ಅದನ್ನು ಒಬ್ಬನೇ ಹೊರುವುದು ತಪ್ಪುತ್ತದೆ. ಎಷ್ಟೋ ಸಲ ಜೀವ ಉಳಿಯುವುದು ಈ ವ್ಯತ್ಯಾಸದಲ್ಲಿಯೇ.

ತಿರುವಿನ ದುಃಖವೆಲ್ಲ ರೋಗವಲ್ಲ. ಗಂಡ ಸತ್ತಾಗ ಅಳುವುದಕ್ಕೆ ಮಾತ್ರೆ ಬೇಕಿಲ್ಲ. ಆದರೆ ಎರಡು ವಾರ ಕಳೆದರೂ ಯಾವುದರಲ್ಲಿಯೂ ಆಸಕ್ತಿ ಹುಟ್ಟದಿದ್ದರೆ, ಊಟ ನಿದ್ರೆ ಕೆಟ್ಟು ದಿನದ ಕೆಲಸವೇ ನಿಂತರೆ, ‘ನಾನಿದ್ದು ಏನು ಫಲ’ ಎಂಬ ಮಾತು ಬರತೊಡಗಿದರೆ ಮನೋವೈದ್ಯರ ಬಳಿ ಕರೆದೊಯ್ಯಲು ತಡಮಾಡಬಾರದು. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬಾರದು; ಒಂಟಿಯಾಗಿಯೂ ಬಿಡಬಾರದು. ಅಲ್ಲಿ ಔಷಧ ಬೇಕಾಗಬಹುದು. ಅದನ್ನು ಗುರುತಿಸಿ ಕಳುಹಿಸಬಲ್ಲವನೇ ಒಳ್ಳೆಯ ಸಮಾಲೋಚಕ. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರನ್ನು ಅಪರಾಧಿಯಂತೆ ಕಾಣುವ ಕಾಲವೂ ಹೋಯಿತು. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯಿದೆ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸುತ್ತದೆ. ಅವರ ಆರೈಕೆಯನ್ನು ಸರಕಾರದ ಹೊಣೆಯಾಗಿಸುತ್ತದೆ.

ಗುಟ್ಟನ್ನು ಕಾಯುವುದು ಈ ವೃತ್ತಿಯ ಪ್ರಾಣ. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರಿನಲ್ಲಿ ಅದರ ಬೆಲೆ ಇಮ್ಮಡಿ. ಹೇಳಿದ ಮಾತು ಚಹಾದಂಗಡಿಗೆ ಮುಟ್ಟಿತೆಂದರೆ ಮತ್ತೆ ಯಾರೂ ಆ ಬಾಗಿಲನ್ನು ತುಳಿಯರು. ಹೊರಗೆ ಬೋರ್ಡು ತೂಗುಹಾಕಿದವರೆಲ್ಲ ಕಲಿತವರಲ್ಲ. ಅವರ ಶಿಕ್ಷಣವೇನು, ತರಬೇತಿ ಎಲ್ಲಿ ಆಯಿತು ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ದೇವದುರ್ಗದ ಹೆಂಗಸಿನ ಕಥೆ ಎಲ್ಲಿಗೆ ಬಂದಿತು? ಮೂರನೆಯ ಸಲ ಸಮಾಲೋಚಕಿ ಒಂದೇ ಪ್ರಶ್ನೆ ಕೇಳುತ್ತಾಳೆ: “ಅಕ್ಕಾ, ನಿಮಗೇನು ಬೇಕು?” ಬಹಳ ಹೊತ್ತು ಯೋಚಿಸಿ ಆಕೆ ಹೇಳಿಯಾಳು: “ಮಗ ರೊಕ್ಕ ಹಾಕಿದ್ದು ಫೋನಿನ್ಯಾಗ ಗೊತ್ತಾಗ್ತದರಿ. ಅವನ ಧ್ವನಿ ಕೇಳಬೇಕು ಅನಿಸ್ತದ.” ಆದಿತ್ಯವಾರದ ರಾತ್ರಿ, ಕೆಲಸ ಮುಗಿದ ಮೇಲೆ, ಮಗ ಕರೆ ಮಾಡಬೇಕೆಂದು ಗೊತ್ತಾಗುತ್ತದೆ, ಮೊಮ್ಮಕ್ಕಳೂ ಮಾತನಾಡುತ್ತಾರೆ. ಸಂಘದ ಸಭೆಗೆ ಕರೆದೊಯ್ಯಲು ನೆರೆಮನೆಯವಳೊಬ್ಬಳು ಬರುತ್ತಾಳೆ. ವೇತನದ ಅರ್ಜಿ ಕಚೇರಿಗೆ ಹೋಗುತ್ತದೆ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಸಿಗುತ್ತದೆ. ಗಂಡನಿಲ್ಲದ ನೋವು ಉಳಿಯುತ್ತದೆ, ಅದು ಉಳಿಯಬೇಕಾದುದೇ. ನಿದ್ರೆ ಸ್ವಲ್ಪ ಸ್ವಲ್ಪವಾಗಿ ಬರತೊಡಗುತ್ತದೆ. ಮುಂದಿನ ಸಲ ದೇವದುರ್ಗದಿಂದ ಬಸ್ಸು ಹತ್ತುವಾಗ ಆಕೆ ಆ ಚೀಟಿಗಳ ಚೀಲವನ್ನು ಮನೆಯಲ್ಲಿಯೇ ಮರೆತು ಬಂದರೆ, ಅದಕ್ಕಿಂತ ಒಳ್ಳೆಯ ಸುದ್ದಿ ಇನ್ನೇನಿದೆ?